ಡೋಣಿ ಸೀಮೆಯ ನೆಮ್ಮದಿ

ಮನುಷ್ಯನ ಸುಖವನ್ನು ಅಳೆಯಲು ಈಗ ಹೆಚ್ಚು ಬಳಕೆಯಲ್ಲಿರುವ ಸಾಧನ ಒಂದು ಏಣಿ. ಅಮೆರಿಕದ ಮನಶ್ಶಾಸ್ತ್ರಜ್ಞ ಹ್ಯಾಡ್ಲಿ ಕ್ಯಾಂಟ್ರಿಲ್ 1965ರಲ್ಲಿ ಮುಂದಿಟ್ಟ ಈ ಏಣಿಯನ್ನು ಮನಸ್ಸಿನಲ್ಲೇ ನಿಲ್ಲಿಸಿಕೊಳ್ಳಬೇಕು. ಸೊನ್ನೆಯಿಂದ ಹತ್ತರವರೆಗೆ ಮೆಟ್ಟಿಲು. ತನ್ನ ಪಾಲಿಗೆ ಒದಗಬಹುದಾದ ಅತಿ ಒಳ್ಳೆಯ ಬದುಕು ತುದಿಯಲ್ಲಿ, ಅತಿ ಕೆಟ್ಟದ್ದು ಬುಡದಲ್ಲಿ. ಈಗ ಕಾಲೂರಿರುವುದು ಎಷ್ಟನೆಯ ಮೆಟ್ಟಿಲ ಮೇಲೆ ಎಂದು ಹೇಳಬೇಕು. ಪರೀಕ್ಷೆ ಅಲ್ಲಿಗೆ ಮುಗಿಯಿತು. 2012ರಿಂದ ಪ್ರಕಟವಾಗುತ್ತಿರುವ ವಿಶ್ವ ಸಂತೋಷ ವರದಿ ದೇಶಗಳಿಗೆ ಸ್ಥಾನ ಹಂಚುವುದು ಈ ಒಂದೇ ಉತ್ತರದ ಸರಾಸರಿಯಿಂದ. 2025ರ ವರದಿಯಲ್ಲಿ 147 ದೇಶಗಳ ಪೈಕಿ ಭಾರತ 118ನೆಯದು. ಫಿನ್ಲೆಂಡ್ ಸತತ ಎಂಟನೆಯ ಸಲ ಮೊದಲ ಸ್ಥಾನದಲ್ಲಿತ್ತು. ದೇಶದೇಶಗಳ ನಡುವಿನ ಅಂತರವನ್ನು ವಿವರಿಸಲು ವರದಿ ಆರು ಕಾರಣಗಳನ್ನು ಪರಿಗಣಿಸುತ್ತದೆ: ಆದಾಯ, ಕಷ್ಟಕ್ಕೆ ಆಗಿಬರುವ ಜನ, ಆರೋಗ್ಯದಿಂದ ಬಾಳುವ ವರ್ಷಗಳು, ತನ್ನ ಬದುಕನ್ನು ತಾನೇ ಆರಿಸಿಕೊಳ್ಳುವ ಸ್ವಾತಂತ್ರ್ಯ, ದಾನಬುದ್ಧಿ, ಭ್ರಷ್ಟಾಚಾರದ ಬಗೆಗಿನ ಅಭಿಪ್ರಾಯ. ಪಟ್ಟಿ ಒಪ್ಪತಕ್ಕದ್ದೇ. ಆದರೆ ಅದರಲ್ಲಿ ಮಳೆ ಇಲ್ಲ. ಮಳೆಯನ್ನು ನೆಚ್ಚಿ ಬಾಳುವ ಸೀಮೆಯಲ್ಲಿ ಇದು ಸಣ್ಣ ಕೊರತೆಯಲ್ಲ.

ವಿಜಯಪುರದಿಂದ ಪಶ್ಚಿಮಕ್ಕೆ ಅಥಣಿ ರಸ್ತೆಯ ಮೇಲಿರುವ ತಿಕೋಟಾದಲ್ಲಿ ಈ ಏಣಿಯ ಪ್ರಶ್ನೆ ಕೇಳಬೇಕೆಂದರೆ ಯಾವ ತಿಂಗಳಲ್ಲಿ ಕೇಳಬೇಕೆಂಬುದೇ ಮೊದಲ ತೊಡಕು. ದ್ರಾಕ್ಷಿ ಪಡದ ಒಡೆಯ ಗೊನೆ ತುಂಬಿದ ಫೆಬ್ರುವರಿಯಲ್ಲಿ ಹೇಳುವ ಮೆಟ್ಟಿಲೇ ಬೇರೆ, ಚಾಟ್ನಿ (ಬಳ್ಳಿ ಸವರುವ ಕೆಲಸ) ಮುಗಿಸಿ ಹೂವಿನ ಹೊತ್ತಿಗೆ ಮೋಡ ಮುಚ್ಚಿಕೊಂಡ ನವೆಂಬರಿನಲ್ಲಿ ಹೇಳುವುದೇ ಬೇರೆ. ಸಂಶೋಧಕರು ಇದಕ್ಕೆ ಸುಖವನ್ನು ಎರಡಾಗಿ ಒಡೆದುಕೊಂಡಿದ್ದಾರೆ. ನಿನ್ನೆ ಮೊನ್ನೆ ಮನಸ್ಸು ಹೇಗಿತ್ತು, ನಗು ಬಂತೇ, ಸಿಟ್ಟು ಬಂತೇ ಎಂಬುದು ಒಂದು. ಒಟ್ಟು ಬದುಕನ್ನು ಹಿಂದೆ ಸರಿದು ನೋಡಿದಾಗ ತೃಪ್ತಿ ಇದೆಯೇ ಎಂಬುದು ಇನ್ನೊಂದು. ಇವೆರಡೂ ಯಾವಾಗಲೂ ಜೊತೆಗೆ ನಡೆಯುವುದಿಲ್ಲ. ಹಳ್ಳಿಯಿಂದ ಬಂದು ವಿಜಯಪುರದ ಬಾಡಿಗೆ ಕೋಣೆಯಲ್ಲಿ ಮೂರು ಜನ ಸೇರಿ ಇದ್ದುಕೊಂಡು ಸ್ಪರ್ಧಾತ್ಮಕ ಪರೀಕ್ಷೆಗೆ ಓದುವ ಹುಡುಗನ ದಿನಗಳಲ್ಲಿ ಸಂತೋಷ ಎನ್ನಬಹುದಾದದ್ದು ಸಂಜೆಯ ಮಿರ್ಚಿ ಭಜ್ಜಿಯಷ್ಟೇ. ಆದರೂ ಅವನ ಬದುಕಿನ ಮೇಲೆ ಅವನಿಗೆ ನಂಬಿಕೆ ಇರುತ್ತದೆ. ಊರಲ್ಲೇ ಉಳಿದು ಕಟ್ಟೆಯ ಮೇಲೆ ದಿನವಿಡೀ ನಗುತ್ತ ಕುಳಿತ ಅವನ ಗೆಳೆಯನಿಗೆ ಆ ನಂಬಿಕೆ ಇರಲೇಬೇಕೆಂದಿಲ್ಲ.

ಸುಖಕ್ಕೆ ದುಡ್ಡು ಎಷ್ಟು ಬೇಕೆಂಬ ವಾದ ಹಳೆಯದು. ಒಂದು ದೇಶದೊಳಗೆ ಉಳ್ಳವರು ಇಲ್ಲದವರಿಗಿಂತ ಹೆಚ್ಚು ತೃಪ್ತರು, ಆದರೆ ದೇಶ ಒಟ್ಟಾಗಿ ವರ್ಷದಿಂದ ವರ್ಷಕ್ಕೆ ಶ್ರೀಮಂತವಾದರೂ ಅದರ ಸರಾಸರಿ ಸುಖ ಅದೇ ಪ್ರಮಾಣದಲ್ಲಿ ಏರುವುದಿಲ್ಲ ಎಂದು ಅರ್ಥಶಾಸ್ತ್ರಜ್ಞ ರಿಚರ್ಡ್ ಈಸ್ಟರ್ಲಿನ್ 1974ರಲ್ಲಿ ತೋರಿಸಿದ. ಅದರ ಮೇಲಿನ ಜಗಳ ಇನ್ನೂ ಮುಗಿದಿಲ್ಲ. ಡೇನಿಯಲ್ ಕಾನಮನ್ ಮತ್ತು ಆ್ಯಂಗಸ್ ಡೀಟನ್ 2010ರಲ್ಲಿ, ಅಮೆರಿಕದಲ್ಲಿ ವರ್ಷಕ್ಕೆ ಸುಮಾರು 75 ಸಾವಿರ ಡಾಲರ್ ದಾಟಿದ ಮೇಲೆ ದಿನದಿನದ ಸಂತೋಷ ಹೆಚ್ಚುವುದಿಲ್ಲ, ಆದರೆ ಏಣಿಯ ಮೇಲಿನ ಉತ್ತರ ಮಾತ್ರ ಏರುತ್ತಲೇ ಹೋಗುತ್ತದೆ ಎಂದರು. 2023ರಲ್ಲಿ ಕಾನಮನ್ ತನ್ನ ವಿರುದ್ಧ ಬರೆದವನ ಜೊತೆಗೇ ಕುಳಿತು ಲೆಕ್ಕ ತಿರುವಿದಾಗ, ಬಹುತೇಕ ಜನರಿಗೆ ಅದಕ್ಕಿಂತ ಮೇಲೂ ಸಂತೋಷ ಏರುತ್ತದೆ, ತೀರ ದುಃಖದಲ್ಲಿರುವ ಒಂದು ಪಾಲಿಗೆ ಮಾತ್ರ ಒಂದು ಹಂತದ ನಂತರ ದುಡ್ಡು ನಾಟುವುದಿಲ್ಲ ಎಂದು ತಿದ್ದಿಕೊಂಡ. ತಿಕೋಟಾಕ್ಕೆ, ನೆರೆಯ ಬಬಲೇಶ್ವರಕ್ಕೆ ಈ ಅಂಕಿಗಳಿಂದ ನೇರ ಉಪಯೋಗವಿಲ್ಲ. ಅಲ್ಲಿ ಕೇಳಬೇಕಾದದ್ದು ದುಡ್ಡು ಎಷ್ಟು ಬರುತ್ತದೆ ಎನ್ನುವುದಕ್ಕಿಂತ, ಬರುವುದು ಖಾತ್ರಿಯೇ ಎಂದು.

ದ್ರಾಕ್ಷಿಯೇ ಇದಕ್ಕೆ ಒಳ್ಳೆಯ ಉದಾಹರಣೆ. ತಿಕೋಟಾ ಭಾಗದ ಪಡಗಳಲ್ಲಿ ಬಹಳವಾಗಿರುವುದು ಥಾಮ್ಸನ್ ಸೀಡ್‌ಲೆಸ್ ಮತ್ತು ಅದರಿಂದ ಹುಟ್ಟಿದ ತಳಿಗಳು. ವರ್ಷಕ್ಕೆ ಎರಡು ಸಲ ಚಾಟ್ನಿ: ಏಪ್ರಿಲಿನದು ಬಳ್ಳಿಯ ಕಡ್ಡಿ ಬಲಿಯುವುದಕ್ಕೆ, ಅಕ್ಟೋಬರಿನದು ಹಣ್ಣಿಗೆ. ಎರಡನೆಯ ಚಾಟ್ನಿಯಾಗಿ ಸುಮಾರು ನಾಲ್ಕು ತಿಂಗಳಿಗೆ ಕೊಯ್ಲು. ಕಂಬ, ತಂತಿ, ಹನಿ ನೀರಾವರಿಯ ಪೈಪು, ಗೊಬ್ಬರ, ಮತ್ತೆ ಮತ್ತೆ ಔಷಧಿ, ಆಳು, ಎಲ್ಲ ಖರ್ಚೂ ಮೊದಲೇ ಆಗಿಹೋಗಿರುತ್ತದೆ. ಹೂ ಬಿಡುವಾಗ ಒಂದು ಮಳೆ ಬಂದರೆ ಡೌನಿ, ಕಾಯಿ ಕಟ್ಟುವಾಗ ತಂಪು ಹೆಚ್ಚಾದರೆ ಬೂದಿ ರೋಗ. ಇವನ್ನೆಲ್ಲ ದಾಟಿ ಬಂದ ಹಣ್ಣನ್ನು ಪೊಟ್ಯಾಸಿಯಂ ಕಾರ್ಬೊನೇಟ್ ಮತ್ತು ಡಿಪ್ಪಿಂಗ್ ಆಯಿಲ್ ಕಲಸಿದ ನೀರಲ್ಲಿ ಅದ್ದಿ, ಶೆಡ್ಡಿನೊಳಗೆ ಅಂತಸ್ತು ಅಂತಸ್ತಾಗಿ ಕಟ್ಟಿದ ಬಲೆಗಳ ಮೇಲೆ ಹರವಿ, ಎರಡು ಮೂರು ವಾರ ಒಣಗಿಸಬೇಕು. ನಾಲ್ಕು ಕಿಲೋ ಹಣ್ಣಿಗೆ ಹೆಚ್ಚುಕಡಿಮೆ ಒಂದು ಕಿಲೋ ಒಣದ್ರಾಕ್ಷಿ. ಆ ವಾರಗಳಲ್ಲಿ ಅಕಾಲದ ಮಳೆ ಬಿದ್ದರೆ ಹಸಿರು ಹೊಂಬಣ್ಣದ ಮಾಲು ಕಪ್ಪಾಗುತ್ತದೆ, ರೇಟು ಅರ್ಧಕ್ಕೆ ಇಳಿದರೂ ಆಶ್ಚರ್ಯವಿಲ್ಲ. ಮಳೆ ಬಾರದಿದ್ದರೆ ಉಳಿಯುವುದು ಪೇಟೆ: ವಿಜಯಪುರದ ಎಪಿಎಂಸಿ, ಇಲ್ಲವೆ ಗಡಿಯಾಚೆಯ ತಾಸಗಾಂವ, ಸಾಂಗ್ಲಿ. ಅಲ್ಲಿನ ರೇಟು ಬೆಳೆದವನ ಕೈಯಲ್ಲಿಲ್ಲ. "ಮಳಿ ಆದ್ರ ಬೆಳಿ ಇಲ್ಲ, ಬೆಳಿ ಬಂದ್ರ ರೇಟ ಇಲ್ಲ" ಎಂದು ಈ ಕಡೆಯ ರೈತರು ಆಡಿಕೊಳ್ಳುವುದು ಗೊಣಗಾಟದಂತೆ ಕೇಳಿದರೂ, ಅದು ವರ್ಷದ ಕ್ಯಾಲೆಂಡರನ್ನೇ ಎರಡು ಸಾಲಿಗೆ ಇಳಿಸಿದ್ದು.

ಇಂಥ ಬದುಕಿನಲ್ಲಿ ಚಿಂತೆ ಬರಿಯ ಭಾವನೆಯಲ್ಲ, ಅದಕ್ಕೂ ಅಳತೆಯಿದೆ. ತಮಿಳುನಾಡಿನ 464 ಕಬ್ಬು ಬೆಳೆಗಾರರನ್ನು ಕಟಾವಿಗೆ ಮೊದಲೊಮ್ಮೆ, ಕಟಾವಿನ ನಂತರ ಇನ್ನೊಮ್ಮೆ ಪರೀಕ್ಷಿಸಿದ ಅಧ್ಯಯನವೊಂದು 2013ರಲ್ಲಿ 'ಸೈನ್ಸ್' ಪತ್ರಿಕೆಯಲ್ಲಿ ಪ್ರಕಟವಾಯಿತು. ಅದೇ ಮನುಷ್ಯ, ಅದೇ ಬುದ್ಧಿ. ಆದರೆ ಕೈ ಬರಿದಾಗಿದ್ದ ತಿಂಗಳಲ್ಲಿ ಅವನ ಯೋಚನಾಶಕ್ತಿಯ ಪರೀಕ್ಷೆಯ ಫಲ ಕೆಳಗೆ, ದುಡ್ಡು ಕೈಸೇರಿದ ನಂತರ ಮೇಲೆ. ಸಾಲ, ಬಡ್ಡಿ, ಮಗಳ ಫೀ ಎಂಬ ಲೆಕ್ಕಗಳು ತಲೆಯೊಳಗಿನ ಜಾಗವನ್ನೇ ಹಿಡಿದುಬಿಡುತ್ತವೆ. ಹೀಗಿರುವಾಗ ಸರಕಾರಿ ನೌಕರಿಯ ಹಂಬಲವನ್ನು ಸೋಮಾರಿತನವೆಂದು ಬೈಯುವವರು ವಿಷಯವನ್ನು ಅರ್ಥ ಮಾಡಿಕೊಂಡಿಲ್ಲ. ಇಪ್ಪತ್ತು ಎಕರೆ ಇದ್ದ ಹುಡುಗನಿಗೆ ಕನ್ಯೆ ಸಿಗದೆ, ಕಚೇರಿಯ ಜವಾನನಿಗೆ ಸಲೀಸಾಗಿ ಸಿಗುವುದನ್ನು ಮದುವೆ ಮಾತುಕತೆಯಲ್ಲಿ ಎಲ್ಲರೂ ನಗುತ್ತ ಹೇಳುತ್ತಾರೆ. ಹೆಣ್ಣಿನ ತಂದೆಯೂ ಬಹುಪಾಲು ರೈತನೇ. ಒಂದನೆಯ ತಾರೀಖಿಗೆ ಬರುವ ಸಣ್ಣ ಸಂಬಳವೂ, ಬಂದರೆ ಲಕ್ಷಗಟ್ಟಲೆ ಬರುವ, ಬಾರದಿದ್ದರೆ ಸಾಲವನ್ನೇ ಉಳಿಸುವ ಪಡವೂ ನಿದ್ದೆಯ ಮಟ್ಟಿಗೆ ಒಂದೇ ಅಲ್ಲವೆಂದು ಅವನಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ನಿರುದ್ಯೋಗ ಕಸಿದುಕೊಳ್ಳುವ ಆದಾಯಕ್ಕಿಂತ ಅದು ಕಸಿದುಕೊಳ್ಳುವ ತೃಪ್ತಿ ಹೆಚ್ಚು ಎಂಬುದೂ 1990ರ ದಶಕದಿಂದ ಹಲವು ದೇಶಗಳಲ್ಲಿ ಕಂಡುಬಂದ ಸಂಗತಿ.

ದುಡ್ಡಿಗಿಂತ ಮೊದಲು ನೀರು. ವಿಜಯಪುರ ಜಿಲ್ಲೆ ನೈರುತ್ಯ ಮಾರುತಕ್ಕೆ ಸಹ್ಯಾದ್ರಿಯ ಮರೆಯಲ್ಲಿದೆ. ವರ್ಷದ ಸರಾಸರಿ ಮಳೆ 600 ಮಿಲಿಮೀಟರಿಗೂ ಕಡಿಮೆ, ಅದೂ ಹೇಳಿದ ಹೊತ್ತಿಗೆ ಬರುವುದಿಲ್ಲ. ನಡುವೆ ಹರಿಯುವ ಡೋಣಿ ಉಪ್ಪುನೀರಿನ ಹೊಳೆ. ಅದರ ದಂಡೆಯ ಎರೆಮಣ್ಣು ಬಿಳಿಜೋಳಕ್ಕೆ ಹೆಸರುವಾಸಿ, ಡೋಣಿ ಹರಿದರೆ ಓಣಿ ತುಂಬ ಕಾಳು ಎಂಬ ಮಾತೂ ಇದೆ. ಆದರೆ ಅದೇ ಡೋಣಿ ಉಕ್ಕಿದ ವರ್ಷ ನಿಂತ ಬೆಳೆಯನ್ನು ಹೂಳಿನಡಿ ಮಲಗಿಸುತ್ತದೆ. ಊರಿನ ದೊಡ್ಡಸ್ತಿಕೆಯನ್ನು ಇಲ್ಲಿ ಆಳಿದವರು ನೀರಿನಿಂದಲೇ ಅಳೆದದ್ದು ಸಹಜ. ಆದಿಲ್‌ಶಾಹಿಗಳು ತೊರವಿಯ ಕಡೆಯಿಂದ ನೆಲದೊಳಗಿನ ಕಾಲುವೆಗಳಲ್ಲಿ ನೀರು ತಂದರು. ಒತ್ತಡ ತಗ್ಗಿಸಲು ನಡುನಡುವೆ ಕಟ್ಟಿದ ಗಂಜುಗಳು ಇಂದಿಗೂ ನಗರದ ಸಂದಿಗೊಂದಿಯಲ್ಲಿ ನಿಂತಿವೆ. ಬೇಗಂ ತಾಲಾಬ್ 1651ರದು. ಗೋಲಗುಮ್ಮಟ ನೋಡಲು ಬಂದವರು ತಾಜ್ ಬಾವಡಿಯನ್ನು ಹತ್ತು ನಿಮಿಷಕ್ಕೆ ಮುಗಿಸಿ ಹೋಗುತ್ತಾರೆ. ಆದರೆ ಊರಿನ ಜನರ ಸುಖದ ಚರಿತ್ರೆಯಲ್ಲಿ ಗುಮ್ಮಟಕ್ಕಿಂತ ಬಾವಡಿಗೆ ದೊಡ್ಡ ಪುಟ ಸಲ್ಲಬೇಕು.

ಮನೆಗೆ ನಲ್ಲಿ ಬಂದರೆ ಸುಖ ಹೆಚ್ಚುತ್ತದೆಯೇ ಎಂಬುದನ್ನು ಮೊರಾಕೊ ದೇಶದ ಟ್ಯಾಂಜಿಯರ್ ನಗರದಲ್ಲಿ ಸಂಶೋಧಕರು ಪರೀಕ್ಷಿಸಿ 2012ರಲ್ಲಿ ಫಲ ಪ್ರಕಟಿಸಿದರು. ಬೀದಿ ನಲ್ಲಿಯಿಂದ ಹೊರುತ್ತಿದ್ದ ಬಡ ಮನೆಗಳಿಗೆ ಕಂತಿನಲ್ಲಿ ನಲ್ಲಿ ಹಾಕಿಸಿಕೊಳ್ಳುವ ಅವಕಾಶ ಕೊಟ್ಟಾಗ ಬಹಳ ಜನ ದುಡ್ಡು ಕೊಟ್ಟೇ ಹಾಕಿಸಿಕೊಂಡರು. ನೀರಿನ ಬಿಲ್ಲು ಹೆಚ್ಚಿತು. ಬೀದಿ ನಲ್ಲಿಯ ನೀರೂ ಶುದ್ಧವೇ ಇದ್ದುದರಿಂದ ರೋಗರುಜಿನದಲ್ಲಿ ವ್ಯತ್ಯಾಸವಾಗಲಿಲ್ಲ. ಆದಾಯವೂ ಏರಲಿಲ್ಲ. ಆದರೂ ತೃಪ್ತಿ ಏರಿತು: ಬಿಡುವು ಸಿಕ್ಕಿತು, ನೀರಿಗಾಗಿ ನೆರೆಯವರೊಡನೆ ಆಗುತ್ತಿದ್ದ ಜಗಳ ತಗ್ಗಿತು. ಕೊಡಗಳ ಪಾಳಿ ಹಚ್ಚಿ ನಿಂತ ಓಣಿಗಳನ್ನು ಕಂಡವರಿಗೆ ಇದರಲ್ಲಿ ಹೊಸದೇನಿಲ್ಲ. ಟ್ಯಾಂಕರಿನ ಹಾರ್ನು ಕೇಳಿದೊಡನೆ ಒಲೆಯ ಮೇಲಿನ ರೊಟ್ಟಿ ಬಿಟ್ಟು ಓಡುವ ಹೆಣ್ಣುಮಗಳಿಗೆ ಕಸಿವಿಸಿ ನೀರು ಸಾಲದ್ದಕ್ಕಷ್ಟೇ ಅಲ್ಲ, ಅದು ಯಾವ ಹೊತ್ತಿಗೆ ಬರುತ್ತದೆಂದು ತಿಳಿಯದ್ದಕ್ಕೆ. ಹೊತ್ತು ಗೊತ್ತಿದ್ದರೆ ಎರಡು ದಿನಕ್ಕೊಮ್ಮೆ ಬರುವ ನೀರಿನಲ್ಲೂ ಸಂಸಾರ ತೂಗಿಸಬಹುದು.

ಲಾಲ್ ಬಹಾದ್ದೂರ್ ಶಾಸ್ತ್ರಿ 1964ರ ಮೇ 22ರಂದು ಅಡಿಗಲ್ಲು ಇಟ್ಟ, ಕೃಷ್ಣಾ ನದಿಯ ಆಲಮಟ್ಟಿ ಅಣೆಕಟ್ಟನ್ನು ರಾಷ್ಟ್ರಪತಿ ಅಬ್ದುಲ್ ಕಲಾಂ ಲೋಕಾರ್ಪಣೆ ಮಾಡಿದ್ದು 2006ರಲ್ಲಿ. ಅಡಿಗಲ್ಲಿನ ದಿನ ಹುಟ್ಟಿದವರು ಅಷ್ಟರಲ್ಲಿ ನಲವತ್ತು ದಾಟಿದ್ದರು. ಈಗ ಕೊಲ್ಹಾರದ ಬಳಿಯ ಹಿನ್ನೀರು ವಿಜಯಪುರದ ನಲ್ಲಿಗಳಿಗೆ ಬರುತ್ತದೆ. ಮುಳವಾಡ, ತುಬಚಿ-ಬಬಲೇಶ್ವರ ಏತ ನೀರಾವರಿ ಯೋಜನೆಗಳಿಂದ ಎತ್ತರದ ಒಣಭೂಮಿಗೂ ಕೃಷ್ಣೆ ಏರಿದ್ದಾಳೆ. ಕೆರೆ ತುಂಬಿಸುವ ಕೆಲಸದಿಂದ ಆದಿಲ್‌ಶಾಹಿ ಕಾಲದ ಮಮದಾಪುರದ ಕೆರೆಯಂಥವುಗಳಿಗೂ ಜೀವ ಬಂದಿದೆ, ಸುತ್ತಲಿನ ಬಾವಿ ಬೋರುಗಳಿಗೂ ಸೆಲೆ ಕೂಡಿದೆ. ಬರದ ವರ್ಷ ದ್ರಾಕ್ಷಿ ಬಳ್ಳಿ ಉಳಿಸಿಕೊಳ್ಳಲು ಟ್ಯಾಂಕರಿನಿಂದ ನೀರು ಕೊಂಡು ಹಾಕಿದ ಊರುಗಳಿಗೆ ಇದು ಎಂಥ ಬದಲಾವಣೆ ಎಂಬುದನ್ನು ನೀರಾವರಿ ಇಲಾಖೆಯ ಎಕರೆ ಲೆಕ್ಕ ಪೂರ್ತಿ ಹೇಳಲಾರದು. ಅದೇ ಹಿನ್ನೀರಿನಡಿ ಮನೆ, ಹೊಲ, ದೇವರ ಗುಡಿ ಬಿಟ್ಟು ಪುನರ್ವಸತಿ ಕೇಂದ್ರಗಳಿಗೆ ಹೋದವರ ಲೆಕ್ಕ ಬೇರೆಯೇ ಇದೆ. ಒಂದು ತಾಲ್ಲೂಕಿನ ತೃಪ್ತಿಯಿಂದ ಇನ್ನೊಂದರ ನಷ್ಟವನ್ನು ಕಳೆದು ಸರಾಸರಿ ತೆಗೆಯುವ ವಿದ್ಯೆ ಏಣಿಗೆ ಗೊತ್ತಿಲ್ಲ.

ಬಂದ ಸುಖಕ್ಕೆ ಮನಸ್ಸು ಒಗ್ಗಿಹೋಗುತ್ತದೆ. ಲಾಟರಿ ಗೆದ್ದವರು ಸ್ವಲ್ಪ ಕಾಲದ ನಂತರ ಉಳಿದವರಿಗಿಂತ ಹೇಳಿಕೊಳ್ಳುವಷ್ಟು ಸುಖಿಗಳಾಗಿರಲಿಲ್ಲ ಎಂದು 1978ರ ಪ್ರಸಿದ್ಧ ಅಧ್ಯಯನವೊಂದು ಹೇಳಿತು. ಕಾಲುವೆಗೆ ನೀರು ಬಿಟ್ಟ ದಿನ ಕಾಯಿ ಒಡೆದು, ಬಾಗಿನ ಬಿಟ್ಟು, ಫೋಟೊ ತೆಗೆಸಿಕೊಂಡ ಊರು ಮುಂದಿನ ವರ್ಷ ಕೊನೆಯ ಹೊಲದವರೆಗೆ ಪಾಳಿ ಸರಿಯಾಗಿ ಬರುವುದಿಲ್ಲವೆಂದು ಅರ್ಜಿ ಬರೆಯುತ್ತದೆ. ಇದನ್ನು ಕೃತಘ್ನತೆ ಎನ್ನಬೇಕಿಲ್ಲ; ಸಿಕ್ಕಿದ್ದರಲ್ಲೇ ಬೆರಗಾಗಿ ಕುಳಿತಿದ್ದರೆ ಕೊನೆಯ ಹೊಲ ಒಣಗಿಯೇ ಉಳಿಯುತ್ತಿತ್ತು. ಎಲ್ಲದಕ್ಕೂ ಮನಸ್ಸು ಒಗ್ಗುವುದೂ ಇಲ್ಲ. ಬಿಡದ ನೋವು, ಕೆಲಸವಿಲ್ಲದ ದಿನಗಳು, ಪಕ್ಕದ ಸದ್ದು, ದಿನವೂ ಬಸ್ಸಿನಲ್ಲಿ ನಿಂತು ಹೋಗುವ ದಾರಿ, ಇವು ಹಳತಾದರೂ ಚುಚ್ಚುತ್ತಲೇ ಇರುತ್ತವೆ. ಮೊದಲು ಯಾವುದೇ ಕಾಗದಕ್ಕೆ ವಿಜಯಪುರಕ್ಕೇ ಬರಬೇಕಾಗಿದ್ದ ತಿಕೋಟಾ, ಬಬಲೇಶ್ವರಗಳ ಜನರಿಗೆ 2018ರ ಸುಮಾರಿಗೆ ತಮ್ಮದೇ ತಾಲ್ಲೂಕು ಆದದ್ದು, ಕಚೇರಿಯೊಳಗಿನ ಕೆಲಸ ಹೇಗೇ ಇರಲಿ, ದಾರಿಯ ಮಟ್ಟಿಗಾದರೂ ಉಪಕಾರವೇ.

ಪಕ್ಕದವನ ಏಳಿಗೆಯ ವಿಷಯ ಸೂಕ್ಷ್ಮವಾದದ್ದು. ನೆರೆಯವರ ಆದಾಯ ಹೆಚ್ಚಿದಂತೆ ತನ್ನ ತೃಪ್ತಿ ಇಳಿಯುತ್ತದೆ ಎಂದು ಅಮೆರಿಕದ ಅಂಕಿಗಳಿಂದ 2005ರಲ್ಲಿ ಎರ್ಜೊ ಲುಟ್ಮರ್ ತೋರಿಸಿದ. ಜೊತೆಗೆ ಓಡಾಡುವ ನೆರೆಯವರಾದರೆ ಉರಿ ಇನ್ನೂ ಹೆಚ್ಚು. ಫಿನ್ಲೆಂಡಿನ ಸಂಬಳ ಕೇಳಿ ಬಬಲೇಶ್ವರದಲ್ಲಿ ಯಾರ ಊಟವೂ ಕೆಡುವುದಿಲ್ಲ. ಬದುವಿನಾಚೆಯ ಅಣ್ಣತಮ್ಮಂದಿರ ಹೊಲಕ್ಕೆ ಮೊದಲು ನೀರು ಹತ್ತಿದರೆ ಕೆಡುತ್ತದೆ. ಒಣಭೂಮಿಯ ಕಾಲದಲ್ಲಿ ಮಳೆ ತಪ್ಪಿದರೆ ಊರಿಗೆಲ್ಲ ತಪ್ಪುತ್ತಿತ್ತು, ಕಷ್ಟವೂ ಸಮನಾಗಿ ಹಂಚಿಹೋಗುತ್ತಿತ್ತು. ಬೋರು, ಪಡ, ಶೆಡ್ಡುಗಳು ಬಂದ ಮೇಲೆ ಅದೇ ಓಣಿಯಲ್ಲಿ ಒಬ್ಬನ ಮನೆ ಎರಡಂತಸ್ತಾಯಿತು, ಮತ್ತೊಬ್ಬನದು ತಗಡಿನಲ್ಲೇ ಉಳಿಯಿತು. ಬೆಳೆ ಕೈಕೊಟ್ಟ ವರ್ಷವೂ ಮದುವೆಗೆ ಸಾಲ ಮಾಡಿ ಸಾವಿರ ಜನರಿಗೆ ಊಟ ಹಾಕಿಸುವುದರ ಹಿಂದೆ ಇರುವುದು ಸಂತೋಷಕ್ಕಿಂತ ಹೆಚ್ಚಾಗಿ ಈ ಅಳತೆಗೋಲು. ಮೊಬೈಲು ಬಂದ ಮೇಲೆ ಆ ಕೋಲು ಇನ್ನೂ ಉದ್ದವಾಗಿದೆ; ಬೆಂಗಳೂರಿನ ಸೋದರಳಿಯನ ಕಾರೂ ಈಗ ಪಕ್ಕದ ಮನೆಯದೇ.

ಆದರೂ ನೆರೆಯವರಿಲ್ಲದೆ ನಡೆಯುವುದಿಲ್ಲ. 1938ರಲ್ಲಿ ಆರಂಭವಾಗಿ ಇಂದಿಗೂ ಸಾಗಿರುವ ಹಾರ್ವರ್ಡಿನ ದೀರ್ಘ ಅಧ್ಯಯನದ ಮುಖ್ಯ ಫಲವೇ ಇದು: ಐವತ್ತರಲ್ಲಿ ಯಾರಿಗೆ ಸಂಬಂಧಗಳಲ್ಲಿ ತೃಪ್ತಿ ಇತ್ತೋ ಅವರು ಎಂಬತ್ತರಲ್ಲಿ ಹೆಚ್ಚು ಆರೋಗ್ಯವಂತರಾಗಿದ್ದರು. ಕೋಲ್ಕತ್ತದ ಕೊಳೆಗೇರಿ, ಫುಟ್‌ಪಾತುಗಳ ಜನರನ್ನು ಮಾತಾಡಿಸಿದ 2001ರ ಅಧ್ಯಯನವೊಂದರಲ್ಲಿ, ಅವರ ತೃಪ್ತಿ ಹೊರಗಿನವರು ಊಹಿಸುವಷ್ಟು ಕೆಳಗಿರಲಿಲ್ಲ. ಕುಟುಂಬ, ಗೆಳೆತನಗಳ ವಿಷಯ ಬಂದಾಗ ಅವರ ಉತ್ತರ ಗಟ್ಟಿಯಾಗಿತ್ತು. ಈ ಸೀಮೆಯಲ್ಲೂ ಬಿತ್ತನೆ, ರಾಶಿಯ ಹೊತ್ತಿಗೆ ಮುಯ್ಯಾಳಾಗಿ ದುಡಿದುಕೊಟ್ಟು ತೀರಿಸಿಕೊಳ್ಳುವ ಪದ್ಧತಿ ಕೂಲಿಯ ದಿನಗಳಲ್ಲಿ ಸವೆದಿದೆ, ಸತ್ತಿಲ್ಲ. ವಿಜಯಪುರದ ಸಂಕ್ರಾಂತಿಯ ಸಿದ್ಧೇಶ್ವರ ಜಾತ್ರೆಗೆ ಗಂಡಸರು ನಂದಿಕೋಲು ಹಿಡಿದರೆ, ಅದರದೇ ಅಂಗವಾಗಿ ತೊರವಿಯ ಬಯಲಿನಲ್ಲಿ ದನಗಳ ಜಾತ್ರೆ ನೆರೆಯುತ್ತದೆ. ಕಾಖಂಡಕಿಯಲ್ಲಿ ಕಾರಹುಣ್ಣಿಮೆಯ ಎತ್ತು ಓಡಿಸುವುದನ್ನು ನೋಡಲು ಸುತ್ತಲಿನ ಊರುಗಳೇ ಖಾಲಿಯಾಗುತ್ತವೆ. ಎಳ್ಳಮಾಸಿಗೆ ಬಂಡಿ ಹೂಡಿ, ಈಗ ಟ್ರ್ಯಾಕ್ಟರ್ ಹತ್ತಿ, ಹೊಲಕ್ಕೆ ಹೋಗಿ ಚರಗ ಚೆಲ್ಲಿ, ಸಜ್ಜಿ ರೊಟ್ಟಿ, ಎಣ್ಣೆಗಾಯಿ, ಪುಂಡಿಪಲ್ಯ, ಶೇಂಗಾ ಹೋಳಿಗೆಗಳನ್ನು ಕರೆದವರು ಕರೆಯದವರು ಎಲ್ಲರೂ ಕೂತು ಉಣ್ಣುತ್ತಾರೆ.

ಊಟದ ವಿಷಯದಲ್ಲಿ ಒಂದು ಅಚ್ಚರಿಯಿದೆ. ಜೊತೆಗೂಡಿ ಉಣ್ಣುವವರು ಹೆಚ್ಚು ತೃಪ್ತರು ಎಂದ 2025ರ ಸಂತೋಷ ವರದಿಯೇ, ಹಾಗೆ ಉಣ್ಣುವುದರಲ್ಲಿ ದಕ್ಷಿಣ ಏಷ್ಯಾ ಜಗತ್ತಿನಲ್ಲಿ ತೀರ ಹಿಂದಿದೆ ಎಂದೂ ಹೇಳಿತು. ಪಂಕ್ತಿ, ಪ್ರಸಾದ, ದಾಸೋಹಗಳ ನಾಡಿಗೆ ಇದು ಅಪವಾದದಂತೆ ಕೇಳಿಸೀತು. ಮನೆಯೊಳಗೆ ಇಣುಕಿದರೆ ಕಾರಣ ಸಿಗುತ್ತದೆ: ಗಂಡಸರಿಗೆ ಮೊದಲು ತಾಟು, ಮಕ್ಕಳಿಗೆ ಆಮೇಲೆ, ರೊಟ್ಟಿ ಬಡಿದವಳು ಕೊನೆಗೆ ಒಲೆಯ ಮುಂದೆ ಒಬ್ಬಳೇ. ಕಟ್ಟೆಯ ಮೇಲೆ ಒಗ್ಗಟ್ಟು ಕಂಡವರೆಲ್ಲ ಈ ತಾಟನ್ನೂ ಲೆಕ್ಕಕ್ಕೆ ಹಿಡಿಯಬೇಕು. ಆಗಿಬರುವ ಮಂದಿಯೇ ಕಾವಲು ಕಾಯುವ ಮಂದಿಯೂ ಆಗಿರುತ್ತಾರೆ. "ಮಂದಿ ಏನಂತಾರ" ಎಂಬ ಮಾತಿಗೆ ಎಷ್ಟು ಹುಡುಗಿಯರ ಓದು ನಿಂತಿದೆಯೋ. ಬರದ ವರ್ಷ ತಾಂಡಾಗಳಿಂದ ಗೋವಾಕ್ಕೆ, ಮಹಾರಾಷ್ಟ್ರದ ಕಬ್ಬಿನ ಗದ್ದೆಗಳಿಗೆ ದುಡಿಯಲು ಹೋದವರಿಗಂತೂ ಮಂದಿ ಎಂದರೆ ಅಜ್ಜಿಯ ಬಳಿ ಬಿಟ್ಟುಹೋದ ಮಗುವಿನ ಫೋನಿನ ದನಿ. 2020ರ ಲಾಕ್‌ಡೌನಿನಲ್ಲಿ ಅವರೆಲ್ಲ ಒಮ್ಮೆಲೇ ಊರಿಗೆ ಮರಳಿದಾಗ ದುಡಿಮೆ ಹೋಗಿತ್ತು, ಮನೆ ತುಂಬಿತ್ತು. ಅಂಥ ತಿಂಗಳಲ್ಲಿ ಏಣಿಯ ಪ್ರಶ್ನೆಗೆ ಯಾವ ಉತ್ತರ ಬಂದಿದ್ದರೂ ಅದು ಅರ್ಧವೇ ಆಗುತ್ತಿತ್ತು.

ಆಯ್ಕೆಯ ಸ್ವಾತಂತ್ರ್ಯದ ಮಾತು ಬಂದಾಗ ವಿಜಯಪುರಕ್ಕೆ ಹೇಳಿಕೊಳ್ಳಲು ಒಂದು ಸಂಸ್ಥೆಯಿದೆ. ರಾಜ್ಯದ ಮಹಿಳಾ ವಿಶ್ವವಿದ್ಯಾಲಯ 2003ರಲ್ಲಿ ಇಲ್ಲಿ ಆರಂಭವಾಯಿತು, 2017ರಲ್ಲಿ ಅಕ್ಕಮಹಾದೇವಿಯ ಹೆಸರು ಪಡೆಯಿತು. ಅದರ ಆವರಣ ಇರುವುದು ತಿಕೋಟಾದ ದಾರಿಯಲ್ಲೇ, ತೊರವಿಯ ಬಳಿ. "ಹೆಣ್ಣಮಕ್ಕಳದ ಐತಿ, ಹೋಗಲಿ ಬಿಡು" ಎಂದು ಒಪ್ಪಿದ ತಂದೆಯರಿಂದ ಎಷ್ಟೋ ಪದವಿಗಳು ಹುಟ್ಟಿವೆ. ಈ ಬೇರೆಯಿಡುವಿಕೆಯ ಬಗ್ಗೆ ತಕರಾರು ತೆಗೆಯಬಹುದು. ಆ ದಾರಿ ಇಲ್ಲದಿದ್ದರೆ ಇನ್ನಾವುದಿತ್ತು ಎಂಬುದಕ್ಕೆ ತಕರಾರಿನವರೂ ಉತ್ತರ ಕೊಡಬೇಕು. 2023ರ ಜೂನ್ 11ರಿಂದ ಬಂದ ಶಕ್ತಿ ಯೋಜನೆಯಲ್ಲಿ ಹೆಂಗಸರಿಗೆ ಬಸ್ಸಿನ ಟಿಕೇಟು ಪುಕ್ಕಟೆ ಆದದ್ದೂ ಇದೇ ಲೆಕ್ಕಕ್ಕೆ ಸೇರುತ್ತದೆ. ತವರಿಗೆ, ದವಾಖಾನೆಗೆ, ಸಂತೆಗೆ ಹೋಗಲು ಯಾರ ಕೈಯನ್ನೂ ನೋಡಬೇಕಾಗಿಲ್ಲ ಎಂಬುದು ಉಳಿದ ರೂಪಾಯಿಗಿಂತ ದೊಡ್ಡದು.

ನಂಬಿಕೆಯನ್ನು ಅಳೆಯಲು ಸಂಶೋಧಕರು ಕೇಳುವುದು, ಕಳೆದುಹೋದ ಪಾಕೀಟು ಮರಳಿ ಬಂದೀತೇ ಎಂದು. ಬಂದೀತು ಎನ್ನುವವರು ಹೆಚ್ಚು ತೃಪ್ತರು. ನಿಜದಲ್ಲಿ ಜನ ಊಹಿಸುವುದಕ್ಕಿಂತ ಹೆಚ್ಚು ಪಾಕೀಟುಗಳು ಮರಳುತ್ತವೆ. ಈ ಸೀಮೆಯಲ್ಲಿ ಅದಕ್ಕಿಂತ ಒಳ್ಳೆಯ ಅಳತೆ ಕಿರಾಣಿ ಅಂಗಡಿಯ ಉದ್ರಿ ವಹಿ. ಉದ್ರಿ ಕೇಳಬೇಡಿ ಎಂದು ಬೋರ್ಡು ತೂಗುಹಾಕಿದ ಅಂಗಡಿಯಲ್ಲೂ ರಾಶಿಯವರೆಗೆ ನಡೆಯುವ ಖಾತೆಗಳಿರುತ್ತವೆ. ವಹಿಯಲ್ಲಿ ಹೆಸರಿದ್ದವನು ಬರದಲ್ಲೂ ಪೂರ್ತಿ ಒಂಟಿಯಲ್ಲ. ಬಡ್ಡಿಯವರಿಗೆ ಸಿಕ್ಕ ರೈತನ ಗತಿ ಕಂಡು ಅದೇ ನಂಬಿಕೆಗೆ ಸಂಸ್ಥೆಯ ರೂಪ ಕೊಟ್ಟ ಪ್ರಯತ್ನಗಳಲ್ಲಿ 1912ರಲ್ಲಿ ಆರಂಭವಾದ ಸಿದ್ಧೇಶ್ವರ ಸಹಕಾರಿ ಬ್ಯಾಂಕ್ ಒಂದು. ಅದನ್ನು ಕಟ್ಟಿದವರು ವಕೀಲ ಫ. ಗು. ಹಳಕಟ್ಟಿ.

ಸುಖವೂ ತೃಪ್ತಿಯೂ ಬೇರೆ ಬೇರೆ ಎಂಬುದಕ್ಕೆ ವಿಜಯಪುರದಲ್ಲಿ ಹಳಕಟ್ಟಿಯವರಷ್ಟು ಸ್ಪಷ್ಟ ಸಾಕ್ಷಿ ಇಲ್ಲ. 1880ರಲ್ಲಿ ಧಾರವಾಡದಲ್ಲಿ ಹುಟ್ಟಿ, ವಕೀಲಿಗಾಗಿ, ಆಗ ಬಿಜಾಪುರವೆನಿಸಿದ್ದ ಈ ಊರಿಗೆ ಬಂದವರು. ನಡೆಯುತ್ತಿದ್ದ ವಕೀಲಿ ಅವರ ಕೈಯಲ್ಲಿ ಕ್ರಮೇಣ ಸವೆಯಿತು. ಮನೆಮನೆಯ ತಾಡವೋಲೆಗಳನ್ನು ಹುಡುಕಿ ವಚನಗಳನ್ನು ಒಟ್ಟುಗೂಡಿಸುವ ಕೆಲಸ ಬೆಳೆಯಿತು. 1910ರಲ್ಲಿ ಬಿಎಲ್‌ಡಿಇ ಶಿಕ್ಷಣ ಸಂಸ್ಥೆಯ ಆರಂಭಕ್ಕೆ ಕಾರಣರಾದರು. 'ವಚನಶಾಸ್ತ್ರಸಾರ'ದ ಮೊದಲ ಭಾಗ 1923ರಲ್ಲಿ ಬಂತು. ಮನ ಒಪ್ಪುವಂತೆ ಅಚ್ಚು ಹಾಕಿಕೊಡುವವರು ಸಿಗದೆ, ಮನೆ ಮಾರಿದ ದುಡ್ಡಿನಲ್ಲಿ 1925ರಲ್ಲಿ ಹಿತಚಿಂತಕ ಮುದ್ರಣಾಲಯ ಹಾಕಿದರು. ಮರುವರ್ಷ 'ಶಿವಾನುಭವ' ಪತ್ರಿಕೆ. ಬಳ್ಳಾರಿಯಲ್ಲಿ 1926ರ ಸಾಹಿತ್ಯ ಸಮ್ಮೇಳನದ ಅಧ್ಯಕ್ಷರಾದರು, 1956ರಲ್ಲಿ ಕರ್ನಾಟಕ ವಿಶ್ವವಿದ್ಯಾಲಯದ ಗೌರವ ಡಾಕ್ಟರೇಟ್ ಬಂತು, 1964ರಲ್ಲಿ ತೀರಿಕೊಂಡರು. ಈ ನಡುವೆ ಬಾಡಿಗೆ ಮನೆ, ಹರಿದ ಕೋಟು, ಸಾಲ. ಬ್ಯಾಂಕು ಕಟ್ಟಿದವರ ಸ್ವಂತ ಖಾತೆ ಬರಿದಾಗಿರುವುದು ಲೋಕದಲ್ಲಿ ಅಪರೂಪ. ಅವರ ಒಂದೊಂದು ದಿನವನ್ನೂ ಬಿಡಿಬಿಡಿಯಾಗಿ ಅಳೆದಿದ್ದರೆ ಅಂಕ ಕಡಿಮೆಯೇ ಬೀಳುತ್ತಿತ್ತು. ಒಟ್ಟು ಬದುಕಿನ ಅಂಕವನ್ನು ಹೊರಗಿನವರು ಹಾಕಲಾಗದು. ಆದರೆ ಇಷ್ಟು ಕಾಲ ಯಾರ ಬಲವಂತವೂ ಇಲ್ಲದೆ ಒಂದೇ ಕೆಲಸಕ್ಕೆ ಅಂಟಿಕೊಂಡವರು ಅತೃಪ್ತರಾಗಿದ್ದರೆಂದು ನಂಬುವುದು ಕಷ್ಟ. ಅರ್ಥವಿರುವ ಕೆಲಸ ಸುಖ ಕೊಡುವುದಕ್ಕಿಂತ ಹೆಚ್ಚಾಗಿ ಕಷ್ಟಕ್ಕೆ ಕಾರಣ ಕೊಡುತ್ತದೆ. ಅಷ್ಟಕ್ಕೇ ಮನುಷ್ಯ ಬಹಳ ದೂರ ನಡೆಯುತ್ತಾನೆ. ಅವರ ಮನೆಯವರು ಎಷ್ಟು ದೂರ ನಡೆಯಬೇಕಾಯಿತು ಎಂಬುದನ್ನೂ ಜೀವನಚರಿತ್ರೆಗಳು ಇನ್ನಷ್ಟು ಬರೆಯಬೇಕಿತ್ತು.

ಬೇಕುಗಳನ್ನು ಪೂರೈಸುವ ಬದಲು ಕಡಿಮೆ ಮಾಡಿಕೊಳ್ಳುವ ದಾರಿಯೂ ಈ ನೆಲದಲ್ಲಿ ಹಳೆಯದು. ಆದಿಲ್‌ಶಾಹಿಯಲ್ಲಿ ಅಧಿಕಾರದ ಹುದ್ದೆಯಲ್ಲಿದ್ದ ಮಹಿಪತಿದಾಸರು ಸಾರವಾಡದ ಭಾಸ್ಕರಸ್ವಾಮಿಗಳ ಶಿಷ್ಯರಾಗಿ, ಸಂಪತ್ತು ಬಿಟ್ಟು ಕಾಖಂಡಕಿಯಲ್ಲಿ ನೆಲೆಸಿದರೆಂದು ದಾಸಪರಂಪರೆ ಹೇಳುತ್ತದೆ. ಎರಡೂ ಊರು ಈಗಿನ ಬಬಲೇಶ್ವರ ತಾಲ್ಲೂಕಿನವು. ತಿಕೋಟಾ ತಾಲ್ಲೂಕಿನ ಬಿಜ್ಜರಗಿಯಲ್ಲಿ ಹುಟ್ಟಿದ ಜ್ಞಾನಯೋಗಾಶ್ರಮದ ಸಿದ್ಧೇಶ್ವರ ಸ್ವಾಮೀಜಿಯವರ ಅಂಗಿಗೆ ಜೇಬಿರಲಿಲ್ಲ. 2018ರಲ್ಲಿ ಬಂದ ಪದ್ಮಶ್ರೀಯನ್ನೂ ವಿನಯದಿಂದ ಮರಳಿಸಿದರು. ತಮಗೆ ಗದ್ದುಗೆಯಾಗಲಿ ಸ್ಮಾರಕವಾಗಲಿ ಬೇಡವೆಂದು ಮೊದಲೇ ಬರೆದಿಟ್ಟರು. 2023ರ ಜನವರಿ 2ರಂದು ಅವರು ತೀರಿಕೊಂಡಾಗ ಅಂತಿಮ ದರ್ಶನಕ್ಕೆ ಲಕ್ಷಗಟ್ಟಲೆ ಜನ ಬಂದರು. ಬಂದವರಲ್ಲಿ ಬಹುಪಾಲು ಜೇಬಿನ ಅಂಗಿಯವರೇ, ಜೇಬು ತುಂಬುವ ಚಿಂತೆಯಲ್ಲೇ ಇದ್ದವರು. ಬೆಳಗಿನ ಪ್ರವಚನ ಕೇಳಿ ಹೊಲಕ್ಕೆ ಹೋದ ರೈತ ಬೋರು ಕೊರೆಸುವುದನ್ನು ಬಿಡಲಿಲ್ಲ. ಬೋರು ಬತ್ತಿದ ದಿನ ಆ ಮಾತು ಅವನಿಗೆ ಒಂದಷ್ಟು ಆಸರೆಯಾಗಿರಬಹುದು.

ಇದರ ಮಗ್ಗುಲಲ್ಲೇ ಅಮರ್ತ್ಯ ಸೇನ್ ಎತ್ತಿದ ಎಚ್ಚರಿಕೆಯಿದೆ. ಬಹುಕಾಲ ಇಲ್ಲದ ಸ್ಥಿತಿಯಲ್ಲಿ ಬಾಳಿದವರು ಬದುಕುವುದಕ್ಕಾಗಿ ಆಸೆಯನ್ನೇ ಕಿರಿದು ಮಾಡಿಕೊಳ್ಳುತ್ತಾರೆ, ಕೇಳಿದರೆ ತೃಪ್ತಿಯಿದೆ ಎನ್ನುತ್ತಾರೆ. ಆ ಉತ್ತರ ನಂಬಿ ಕುಳಿತರೆ ಅನ್ಯಾಯ ಮುಚ್ಚಿಹೋಗುತ್ತದೆ. ಮೂರು ಮೈಲಿ ನೀರು ಹೊತ್ತ ಅಜ್ಜಿ "ಆರಾಮ ಅದೀವ್ರಿ" ಎಂದದ್ದನ್ನು ವರದಿಯಲ್ಲಿ ಬರೆದುಕೊಂಡು ನಲ್ಲಿಯ ಯೋಜನೆಯನ್ನು ಮುಂದಕ್ಕೆ ಹಾಕಬಾರದು. ತಾನಾಗಿ ಜೇಬು ಹೊಲಿಸಿಕೊಳ್ಳದವನ ತೃಪ್ತಿಯನ್ನು, ಜೇಬಿಗೆ ಬಟ್ಟೆಯೇ ಸಾಲದವನ ತೃಪ್ತಿಯೊಡನೆ ಒಂದೇ ತಕ್ಕಡಿಯಲ್ಲಿ ತೂಗುವವರು, ಸಾಮಾನ್ಯವಾಗಿ, ಎರಡು ಜೇಬಿನವರು.

ಕೊನೆಯ ಕಾರಣ ಯಾವ ಯೋಜನೆಗೂ ಬಗ್ಗದ್ದು: ಹುಟ್ಟುಗುಣ. ಅವಳಿಗಳ ಮೇಲಿನ ಅಧ್ಯಯನಗಳು ಜನಜನರ ನಡುವಿನ ಸುಖದ ವ್ಯತ್ಯಾಸದಲ್ಲಿ ಮೂರನೆಯ ಒಂದು ಪಾಲಿನಿಂದ ಅರ್ಧದವರೆಗೆ ರಕ್ತದಲ್ಲೇ ಬಂದದ್ದು ಎನ್ನುತ್ತವೆ. ಇದು ಗುಂಪಿನ ಲೆಕ್ಕ. ಒಬ್ಬೊಬ್ಬನ ಹಣೆಬರಹವನ್ನು ಅದರಿಂದ ಓದಲಾಗದು, ಉಳಿದ ಪಾಲೂ ಚಿಕ್ಕದಲ್ಲ. ಆದರೆ ಪಾಲಾದ ಒಂದೇ ಹೊಲ, ಒಂದೇ ಬಾವಿ, ಒಂದೇ ಮೋಡದಡಿ ಪಡ ಹಾಕಿದ ಅಣ್ಣತಮ್ಮಂದಿರನ್ನು ಕಂಡವರಿಗೆ ಇದು ಬೇಗ ತಿಳಿಯುತ್ತದೆ. ಒಳ್ಳೆಯ ರೇಟು ಸಿಕ್ಕ ವರ್ಷ ಅಣ್ಣ, ಇನ್ನೆರಡು ವಾರ ಕೋಲ್ಡ್ ಸ್ಟೋರೇಜಿನಲ್ಲಿ ಇಟ್ಟಿದ್ದರೆ ಇನ್ನೂ ಬರುತ್ತಿತ್ತೆಂದು ಹಳಹಳಿಸುತ್ತಾನೆ. ತಮ್ಮ, ಮಳೆಗೆ ಅರ್ಧ ಮಾಲು ಕಪ್ಪಾದ ವರ್ಷವೂ, ಉಳಿದರ್ಧ ಶೆಡ್ಡಿನೊಳಗೆ ಒಣಗಿತಲ್ಲ ಎಂದು ಚಹಾ ತರಿಸುತ್ತಾನೆ. ಚಹಾದ ದುಡ್ಡು ಮಾತ್ರ ಎರಡೂ ವರ್ಷ ಅಣ್ಣನೇ ಕೊಡುತ್ತಾನೆ.